ಎದುರುಬದುರು ಹಾಕಿದ ಮಣೆ

ಒಲೆಯ ಮೇಲೆ ಬಾಣಲೆ ಇಟ್ಟು ಕಾಫಿ ಬೀಜ ಹುರಿಯುತ್ತಿದ್ದೆ. ಕಾಫಿ ಬೀಜ ಹುರಿಯುವಾಗ ಕೈ ನಿಲ್ಲಿಸಬಾರದು. ಹಸಿರು ಬೀಜ ಹಳದಿಗೆ ತಿರುಗಿ, ಆಮೇಲೆ ಕೆಂಪಗಾಗಿ, ಪಟಪಟನೆ ಸಿಡಿಯತೊಡಗಿದರೆ ಕಣ್ಣು ಬಾಣಲೆಯ ಮೇಲೆಯೇ ಇರಬೇಕು. ಆದರೆ ಹೆಂಚಿನ ಸಂದಿಯಿಂದ ಬಿಸಿಲುಕೋಲೊಂದು ಅಡಿಗೆಮನೆಗೆ ಇಳಿದಿತ್ತು. ಅದರೊಳಗೆ ಹೊಗೆ ನೀಲಿಯಾಗಿ, ಹೊಳೆಯ ಸುಳಿಯ ಹಾಗೆ, ನಿಧಾನವಾಗಿ ಸುತ್ತುತ್ತಿತ್ತು. ಅದನ್ನು ನೋಡುತ್ತಾ ನಾನು ಎಲ್ಲೋ ಇದ್ದೆ. ಆಗ ಹಿತ್ತಲ ಬೇಲಿಯಾಚೆ ಮೀನು ಮಾರುವ ಕಾಕನ ಸೈಕಲ್ಲಿನ ಹಾರನ್ ಕೇಳಿಸಿತು.

"ಅಮ್ಮೋ, ಮತ್ತಿ ಮೀನು ಬೇಕಾ? ಮೀನು ಬೇಡದಿದ್ರೆ ಸುದ್ದಿಯಾದ್ರೂ ತಕ್ಕೊಳ್ಳಿ. ಓಟಿನಲ್ಲಿ ತಕ್ಕಡಿ ಗೆದ್ದುಬಿಟ್ಟಿತು!"

ನನ್ನ ಕೈ ನಿಂತುಹೋಯಿತು.

"ಯಾರು ಹೇಳಿದ್ದು ಕಾಕಾ?"

"ಮಡಿಕೇರಿ ಬಸ್ಸಿನ ಕಂಡಕ್ಟರ್. ಎಣಿಕೆ ಮುಗಿದು ಎಲ್ಲ ಆಯ್ತು. ನಿಮ್ಮ ಯಜಮಾನ್ರು ಪೇಟೆಯಲ್ಲಿ ಹಾರ ಹಾಕ್ಸಿಕೊಂಡು ನಿಂತಿದ್ದಾರೆ, ಮದುವೆ ಗಂಡಿನ ಹಾಗೆ. ದೊಡ್ಡ ಯಜಮಾನ್ರು ಎಲ್ಲಿ?"

"ಮಾವ ಜಗಲಿ ಮೇಲವ್ರೆ. ಮೆತ್ತಗೆ ಹೇಳಿ."

"ಪಡಚೋನೇ, ದೇವರಾಣೆ ನಾನು ಹೇಳೋದಿಲ್ಲಪ್ಪ! ಅವರು ಏಣಿ ಪಾರ್ಟಿ. ಬುಟ್ಟಿ ಸಮೇತ ನನ್ನನ್ನ ಹೊಳೆಗೆ ಹಾಕ್ತಾರೆ. ನೀವೇ ಹೇಳಿ, ನಿಮ್ಮ ಮಾತಾದ್ರೆ ಕೇಳ್ತಾರೆ."

ಸೈಕಲ್ ಹೊರಟುಹೋಯಿತು. ಬಾಣಲೆಯಿಂದ ಸೀದ ವಾಸನೆ ಎದ್ದಾಗಲೇ ನನಗೆ ಎಚ್ಚರ. ಬೀಜವನ್ನು ಮೊರಕ್ಕೆ ಸುರಿದೆ. ಅರ್ಧಕ್ಕರ್ಧ ಕರ್ರಗಾಗಿತ್ತು. ಎಲ್ಲವೂ ಹೋಗಲಿಲ್ಲವಲ್ಲ, ಕಾವೇರಮ್ಮ ದೊಡ್ಡವಳು ಅಂದುಕೊಂಡೆ.

ಕೊಡಗು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ ಅದು. ನಮ್ಮ ಮನೆ ಕುಶಾಲನಗರದ ಹತ್ತಿರ, ಹೊಳೆಯ ಈಚೆ ದಡದಲ್ಲಿ. ಅಲ್ಲಿಯವರೆಗೆ ಕಾವೇರಿಯ ಆಚೆ ದಡ ಬೇರೆ ರಾಜ್ಯ, ಈಚೆ ದಡ ಬೇರೆ ರಾಜ್ಯ. ನಾನು ಈ ದಡದ ಕಲ್ಲಿನ ಮೇಲೆ ಬಟ್ಟೆ ಒಗೆದರೆ ಆ ದಡದಲ್ಲಿ ಇನ್ನೊಬ್ಬಳು ಒಗೆಯುತ್ತಿದ್ದಳು. ಅವಳ ಸೀರೆಯ ಬಣ್ಣವೂ ನನ್ನ ಸೀರೆಯ ಬಣ್ಣವೂ ಒಂದೇ ನೀರಿನಲ್ಲಿ ಅಲುಗುತ್ತಿದ್ದವು. ಗಡಿ ಎಲ್ಲಿದೆ ಎಂದು ನಾನು ಬಹಳ ಸಲ ನೀರಿನಲ್ಲಿ ಹುಡುಕಿದ್ದುಂಟು.

ನಮ್ಮ ಮಾವ ಚಿಕ್ಕ ವಯಸ್ಸಿನಲ್ಲಿ ಹಾಸನದ ಕಡೆಯಿಂದ ಹೊಳೆ ದಾಟಿ ಬಂದವರು. ಈ ನೆಲ ಅನ್ನ ಕೊಟ್ಟಿತು ಎಂಬ ಋಣ ಅವರಿಗೆ. ಕೊಡಗು ತನ್ನಷ್ಟಕ್ಕೆ ತಾನು ಇರಬೇಕು ಎನ್ನುತ್ತಿದ್ದರು. ನನ್ನ ಯಜಮಾನರು ಹುಟ್ಟಿದ್ದೇ ಈ ದಡದಲ್ಲಿ. ಅವರ ಕಣ್ಣು ಯಾವಾಗಲೂ ಆಚೆ ದಡದ ಮೇಲೆ. ಮೈಸೂರಿಗೆ ಸೇರಿದರೆ ರಸ್ತೆ ಬರುತ್ತೆ, ಹೈಸ್ಕೂಲು ಬರುತ್ತೆ ಎಂದು ಅವರ ವಾದ. ಸೇರಿದ ದಿನ ಅವರು ಸಂತೋಷಕ್ಕೆ ಒಂದು ಪೊಟ್ಟಣ ಮೈಸೂರುಪಾಕು ತಂದರು. ಮಾವ ಅದರ ಕಡೆ ನೋಡಲೂ ಇಲ್ಲ.

"ಅವನಿಗೆ ಹೇಳವ್ವ, ಅದನ್ನ ಮೀನಿಗೆ ಹಾಕ್ಲಿ ಅಂತ."

"ಅಪ್ಪನಿಗೆ ಹೇಳೇ, ಮೀನಿಗೂ ಒಳ್ಳೇದು ಯಾವುದು ಅಂತ ಗೊತ್ತು ಅಂತ."

ಅಂದಿನಿಂದ ಅಪ್ಪ ಮಗ ಒಬ್ಬರೊಡನೊಬ್ಬರು ನೇರವಾಗಿ ಮಾತಾಡಲಿಲ್ಲ. ಎಲ್ಲ ಮಾತೂ ನನ್ನ ಮೂಲಕವೇ. ಗೊಬ್ಬರ ಯಾವ ಗದ್ದೆಗೆ, ಹಸು ಯಾವಾಗ ಕರು ಹಾಕುತ್ತೆ, ಎಲ್ಲಕ್ಕೂ "ಅವನಿಗೆ ಹೇಳವ್ವ", "ಅಪ್ಪನಿಗೆ ಹೇಳೇ". ನಡುಮನೆಯಲ್ಲಿ ಮೂಡಣಕ್ಕೆ ಮುಖ ಮಾಡಿ ಇಬ್ಬರೂ ಪಕ್ಕಪಕ್ಕ ಕೂತು ಉಣ್ಣುವುದು ನಮ್ಮ ಮನೆಯ ಪದ್ಧತಿ. ಅದೂ ನಿಂತಿತು. ಮಗ ಉಂಡು ಎದ್ದಮೇಲೆ ಅಪ್ಪ ಬರುವರು, ಆರಿದ ಮುದ್ದೆಯನ್ನು ಅರ್ಧ ಮುರಿದು ಬಿಡುವರು. ಅವರ ಕೊರಳಿನ ಎಲುಬು ಕಾಣತೊಡಗಿತು. ನಾನು ದಿನವೂ ದೇವರ ದೀಪದ ಮುಂದೆ ಒಂದೇ ಮಾತು ಕೇಳಿಕೊಳ್ಳುತ್ತಿದ್ದೆ: ಯಾರಾದರೂ ಗೆಲ್ಲಲಿ ತಾಯಿ, ಇವರಿಬ್ಬರೂ ಒಟ್ಟಿಗೆ ಉಣ್ಣುವ ಹಾಗೆ ಮಾಡು.

ಚುನಾವಣೆ ಹತ್ತಿರ ಬಂತು. ಯಜಮಾನರು ತಕ್ಕಡಿ ಗುರುತಿನವರ ಜೊತೆ ಊರೂರು ಸುತ್ತಿದರು. ಮಾವ ಏಣಿ ಗುರುತಿಗೆ ನಿಂತಿದ್ದ ಮುದುಕರ ಪರ ಜಗಲಿಯ ಮೇಲೆ ಕೂತೇ ಪ್ರಚಾರ ಮಾಡಿದರು. ಒಂದು ದಿನ ನನಗೆ ಕೇಳುವ ಹಾಗೆ, ಅಂದರೆ ಮಗನಿಗೆ ಕೇಳುವ ಹಾಗೆ, ಹೇಳಿಬಿಟ್ಟರು: "ತಕ್ಕಡಿ ಗೆದ್ದ ದಿನ ಈ ಮನೇಲಿ ನನಗೆ ಅನ್ನ ಇಲ್ಲ. ಹಾಸನಕ್ಕೆ ಅಣ್ಣನ ಮಗನ ಮನೆಗೆ ಹೋಗಿಬಿಡ್ತೀನಿ, ಅಲ್ಲೇ ಇರ್ತೀನಿ."

"ಅದೂ ಮೈಸೂರು ರಾಜ್ಯನೇ ಅಲ್ವ ಮಾವ?" ಅಂದೆ.

"ಇರ್ಲಿ. ಅಲ್ಲಿ ಅದು ಮೊದ್ಲಿಂದ ಮೈಸೂರು. ಅದಕ್ಕೆ ನಾಚಿಕೆ ಇಲ್ಲ."

ನಗು ಬಂತು. ಆದರೆ ಮಾವ ಆಡಿದ ಮಾತಿಗೆ ತಪ್ಪುವವರಲ್ಲ.

ಅವರ ದುಃಖದ ಬೇರು ಎಲ್ಲಿತ್ತು ಎಂದು ನನಗೆ ಗೊತ್ತಾದದ್ದು ಸಂಡಿಗೆ ಇಡುವ ದಿನಗಳಲ್ಲಿ. ನಾನು ಅಂಗಳದಲ್ಲಿ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರೆ ಅವರು ಕಾಗೆ ಓಡಿಸಲು ಕೋಲು ಹಿಡಿದು ಕೂರುವರು. ಬಿಸಿಲಿಗೆ ಕಣ್ಣು ಅರ್ಧ ಮುಚ್ಚಿ, ಕೊಡಗಿಗೆ ತನ್ನದೇ ವಿಧಾನಸಭೆ ಇದ್ದ ಕಾಲದ ಕಥೆ ಹೇಳುವರು. ಮಡಿಕೇರಿಗೆ ಹೋದಾಗೊಮ್ಮೆ ಚೀಟಿ ಪಡೆದು, ನೋಡುವವರ ಜಾಗದಲ್ಲಿ ಕೂತು ಇಡೀ ದಿನ ಸಭೆ ನೋಡಿದ್ದರಂತೆ. ದೇವಸ್ಥಾನದ ವಿಷಯ ಹೇಳುವ ಹಾಗೆ ಹೇಳುವರು.

"ನಡುವೆ ಎತ್ತರದ ಕುರ್ಚಿ ಕಣವ್ವ, ಅದರ ಮೇಲೆ ಅಧ್ಯಕ್ಷರು. ಯಾರ ಕಡೆ ಜನ ಹೆಚ್ಚು ಗೆದ್ದವ್ರೋ ಅವ್ರದ್ದು ಸರ್ಕಾರ. ಅವರು ಒಂದು ಕಡೆ. ಕಮ್ಮಿ ಇರೋರು ಎದುರುಗಡೆ. ಮುಖಕ್ಕೆ ಮುಖ."

"ಎದುರಿಗೆ ಕೂತು ಏನ್ಮಾಡ್ತಾರೆ?"

"ಕೇಳ್ತಾರೆ. ರಸ್ತೆ ಎಲ್ಲಿ, ದುಡ್ಡು ಎಲ್ಲೋಯ್ತು ಅಂತ. ಇವರು ಎದ್ದು ನಿಂತು ಉತ್ತರ ಹೇಳಲೇಬೇಕು. ಮಂತ್ರಿಯಾದ್ರೂ ಬಿಡಂಗಿಲ್ಲ. ಇವ್ರ ಕಡೆಯೋರೇ ಅರ್ಧ ಜನ ಕೈ ಬಿಟ್ರೋ, ಸರ್ಕಾರನೇ ಬಿದ್ದೋಗುತ್ತೆ."

"ಜಗಳ ಆಗಲ್ವ?"

"ಆಗುತ್ತೆ. ಆದ್ರೆ ಒಬ್ಬರನ್ನೊಬ್ಬರು ನೋಡಿ ಬಯ್ಯಂಗಿಲ್ಲ. ಏನಿದ್ರೂ ಅಧ್ಯಕ್ಷರಿಗೆ ಹೇಳ್ಬೇಕು. ಅಧ್ಯಕ್ಷರೇ, ಎದುರಿನ ಸದಸ್ಯರು ಸುಳ್ಳು ಹೇಳ್ತಾ ಅವ್ರೆ ಅಂತ."

ನನ್ನ ಕೈಯ ಸಂಡಿಗೆ ಹಿಟ್ಟು ಕೈಯಲ್ಲೇ ಉಳಿಯಿತು. ನಮ್ಮ ಮನೆಯಲ್ಲಿ ಇಷ್ಟು ದಿನದಿಂದ ನಡೆಯುತ್ತಿರುವುದು ಇದೇ ಅಲ್ಲವೇ! ಯಾರೂ ನೇಮಿಸದೆ ನಾನು ಎತ್ತರದ ಕುರ್ಚಿಯಲ್ಲಿ ಕೂತಿದ್ದೆ, ಅದೂ ಒಲೆಯ ಮುಂದಿನ ಮಣೆಯ ಮೇಲೆ.

"ಅಧ್ಯಕ್ಷರು ಯಾರ ಕಡೆ ಮಾವ?"

"ಯಾರ ಕಡೆಯೂ ಇಲ್ಲ. ಎರಡೂ ಕಡೆ ಸಮ ಬಂದ್ರೆ ಮಾತ್ರ ಅವ್ರು ಓಟು ಹಾಕೋದು."

"ಕಮ್ಮಿ ಇರೋರು ಕೋಪ ಮಾಡ್ಕೊಂಡು ಎದ್ದು ಹೋಗಲ್ವ?"

"ಹೋಗ್ತಾರೆ. ಸಭಾತ್ಯಾಗ ಅಂತಾರೆ ಅದಕ್ಕೆ. ಆದ್ರೆ ತಿರುಗ ಬಂದು ಕೂತ್ಕೋತಾರೆ. ಬರ್ದೆ ಹೋದ್ರೆ ಕೇಳೋರು ಯಾರವ್ವ?" ಎಂದು ಮಾವ ಕಾಗೆಗೆ ಕೋಲು ಬೀಸಿದರು. "ಈಗ ಆ ಸಭೆನೇ ಇಲ್ಲ. ಕೇಳೋಕೆ ಬೆಂಗಳೂರಿಗೆ ಹೋಗ್ಬೇಕು. ಅಷ್ಟು ದೂರಕ್ಕೆ ನಮ್ಮ ದನಿ ಕೇಳುತ್ತಾ?"

ಅವರ ಕಣ್ಣಿನಲ್ಲಿ ನೀರಿತ್ತೋ, ಬಿಸಿಲಿತ್ತೋ ತಿಳಿಯಲಿಲ್ಲ.

ಓಟಿನ ದಿನ ಬೆಳಿಗ್ಗೆ ತಲೆಗೆ ಮಿಂದು, ಹೊಳೆಗೆ ಅರಿಸಿನ ಕುಂಕುಮ ಬಿಟ್ಟು, ಹಬ್ಬದ ಸೀರೆ ಉಟ್ಟೆ. ಯಜಮಾನರು, "ತಕ್ಕಡಿ, ನೆನಪಿರ್ಲಿ" ಅಂದರು. ಮಾವ, "ಅವ್ವ, ಏಣಿ" ಅಂದರು. ಎರಡೂ ಕಡೆ ಸಮ.

ಶಾಲೆಯ ಬಾಗಿಲಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಬೆರಳಿಗೆ ಮಸಿ ಹಚ್ಚಿ ಚೀಟಿ ಕೊಟ್ಟರು. ಒಂದು ದೆಹಲಿಯ ಸಭೆಗೆ, ಒಂದು ಬೆಂಗಳೂರಿನ ಸಭೆಗೆ. ಆಗ ಆಮೇಲಿನ ವರ್ಷಗಳ ಹಾಗೆ ಚೀಟಿಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ನಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು.

ಪರದೆಯ ಒಳಗೆ ಹೋದರೆ ಮಬ್ಬು ಬೆಳಕು, ಗರ್ಭಗುಡಿಯ ತಂಪು. ಪೆಟ್ಟಿಗೆಗಳು ಹುಂಡಿಗಳ ಹಾಗೆ ಸಾಲಾಗಿ ಕೂತಿದ್ದವು. ಹೊರಗಿನ ಗದ್ದಲ ಹೊಳೆಯ ಆಚೆಯಿಂದ ಬಂದಂತೆ ಕೇಳುತ್ತಿತ್ತು. ಮಾವನಿಲ್ಲ, ಗಂಡನಿಲ್ಲ. ಮದುವೆಯಾದ ಮೇಲೆ ಅಷ್ಟು ಒಬ್ಬಳೇ ಎಲ್ಲಿಯೂ ನಿಂತವಳಲ್ಲ ನಾನು. ರೂಢಿಯಿಂದ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆ. ರೂಢಿಯಿಂದ ಕಣ್ಣು ಮುಚ್ಚಿ ಕೈ ಮುಗಿದೆ. ಎಷ್ಟು ಹೊತ್ತು ನಿಂತೆನೋ ದೇವರಿಗೇ ಗೊತ್ತು.

"ಅಮ್ಮಾ, ಒಳಗೆ ನಿದ್ದೆ ಬಂತಾ?" ಎಂದು ಅಧಿಕಾರಿ ಕೂಗಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. "ಮಂಗಳಾರತಿ ತಕ್ಕೊಂಡೇ ಬರೋದು ಅವ್ಳು!" ಎಂದಳು ಯಾರೋ.

ಹಾಕಿ ಬಂದೆ. ಯಾವ ಪೆಟ್ಟಿಗೆಗೆ ಎಂದು ಇಬ್ಬರೂ ಕೇಳಿದರು, ಹೇಳಲಿಲ್ಲ. ಅದು ನನಗೂ ಕಾವೇರಮ್ಮನಿಗೂ ಗೊತ್ತಿದ್ದರೆ ಸಾಕು.

ಅದೇ ಪೆಟ್ಟಿಗೆಗಳ ಸುದ್ದಿಯನ್ನು ಈಗ ಕಾಕ ತಂದಿದ್ದ. ಸೀದ ಬೀಜದ ಮೊರವನ್ನು ಕಿಟಕಿಯ ಹತ್ತಿರ ಇಟ್ಟು ಜಗಲಿಗೆ ಹೋದೆ. ನಾನು ಹೇಳುವುದೇ ಬೇಕಿರಲಿಲ್ಲ. ಮಾವನಿಗೆ ಹಿತ್ತಲ ಮಾತು ಕೇಳಿಸಿತ್ತು. ಪಕ್ಕದಲ್ಲಿ ಒಂದು ಬಟ್ಟೆಗಂಟು, ಅದರ ಮೇಲೆ ಕೊಡೆ.

"ಸಂಜೆ ಬಸ್ಸಿಗೆ ಹೊರಡ್ತೀನವ್ವ."

ಬೇಡಿಕೊಂಡರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ ಎಂದು ಗೊತ್ತಿತ್ತು. ಸುಮ್ಮನೆ ಒಳಗೆ ಬಂದು ಮುದ್ದೆಗೆ ಎಸರಿಟ್ಟೆ. ಹುರುಳಿ ಸಾರು ಬಿಸಿ ಮಾಡಿದೆ. ಯಜಮಾನರು ಬಂದರು. ಕೊರಳಲ್ಲಿ ಹಾರ ಇರಲಿಲ್ಲ, ಬೇಲಿಯ ಮೇಲೆ ಬಿಟ್ಟು ಬಂದಿದ್ದರು. ಗಂಟು ನೋಡಿ ಮುಖ ಸಣ್ಣಗಾಗಿತ್ತು.

"ಅಪ್ಪ ನಿಜವಾಗ್ಲೂ ಹೋಗ್ತಾರಾ?" ಎಂದು ಪಿಸುಗುಟ್ಟಿದರು. ಗೆದ್ದವರ ದನಿ ಅದಾಗಿರಲಿಲ್ಲ.

ನಾನು ನಡುಮನೆ ಸಾರಿಸಿ ಎರಡು ಮಣೆ ಹಾಕಿದೆ. ಪಕ್ಕಪಕ್ಕ ಹಾಕಲಿಲ್ಲ, ಎದುರುಬದುರು ಹಾಕಿದೆ. ಮಾವನ ಮುಖ ಮೂಡಣಕ್ಕೆ, ಮಗನ ಮುಖ ಪಡುವಣಕ್ಕೆ. ತೆಂಕಣ ಅಲ್ಲವಲ್ಲ, ದೋಷವಿಲ್ಲ. ನಡುವೆ ಉಪ್ಪಿನ ಮರಿಗೆ. ಎರಡು ಗಂಗಳಕ್ಕೂ ಬಿಸಿ ಮುದ್ದೆ ಬಡಿಸಿ, ಜಗಲಿಯ ಬಾಗಿಲಲ್ಲಿ ನಿಂತೆ.

"ಮಾವ, ಸಭೆ ಕೂಡಿದೆ. ಎದುರುಗಡೆ ಜಾಗ ಖಾಲಿ ಇದೆ."

ಅವರು ಕತ್ತು ಚಾಚಿ ಒಳಗೆ ನೋಡಿದರು. ಮಣೆ ನೋಡಿದರು, ಬಾಗಿಲ ಹಿಂದೆ ತಲೆ ತಗ್ಗಿಸಿ ನಿಂತ ಮಗನನ್ನು ನೋಡಿದರು.

"ಇದೇನವ್ವ ಇದು, ಹಿಂಗೂ ಹಾಕ್ತಾರ ಮಣೆನ?"

"ಎದ್ದು ಹೋದೋರು ತಿರುಗ ಬಂದು ಕೂತ್ಕೋತಾರೆ ಅಂದ್ರಿ. ಬರ್ದೆ ಹೋದ್ರೆ ಕೇಳೋರು ಯಾರು ಅಂದ್ರಿ."

ಮಾವ ಗಂಟಿನ ಮೇಲಿನ ಕೊಡೆ ಎತ್ತಿಕೊಂಡರು. ಆಮೇಲೆ ಅದನ್ನು ಗೋಡೆಗೆ ಒರಗಿಸಿ, ಕಾಲು ತೊಳೆದು, ಒಳಗೆ ಬಂದು ಕೂತರು. ಮಗನೂ ಕೂತರು. ಮಾವ ಮುದ್ದೆ ಮುರಿಯಲಿಲ್ಲ. ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಅಧ್ಯಕ್ಷರೇ! ಎದುರಿನ ಸದಸ್ಯರು ಹೈಸ್ಕೂಲು ಬರುತ್ತೆ, ರಸ್ತೆ ಬರುತ್ತೆ ಅಂತ ಊರೆಲ್ಲ ಹೇಳ್ಕೊಂಡು ಬಂದವ್ರೆ. ಯಾವಾಗ ಬರುತ್ತೆ ಅಂತ ಕೇಳಿ."

ಯಜಮಾನರಿಗೆ ತಬ್ಬಿಬ್ಬಾಯಿತು. ಆದರೆ ಈ ಸಭೆಯ ಕಥೆಗಳನ್ನು ಅವರೂ ಕೇಳಿದವರೇ.

"ಅಧ್ಯಕ್ಷರೇ, ಮಾನ್ಯ ಸದಸ್ಯರು ಮೊದ್ಲು ಮುದ್ದೆ ಮುರೀಲಿ. ಆರಿಹೋದ್ರೆ ಉತ್ತರ ಕೊಡಲ್ಲ."

ಮಾವನ ಮೀಸೆ ಅಲುಗಿತು. ಮುರಿದರು, ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು ಎತ್ತಿದವರು ನಿಲ್ಲಿಸಿ, ನನ್ನ ಕಡೆ ನೋಡದೆ, ಎದುರಿಗೆ ನೋಡಿ ಹೇಳಿದರು:

"ಸಾರು ಸಪ್ಪೆ. ಆ ಉಪ್ಪು ಈ ಕಡೆ ತಳ್ಳೋ."

ಮಗ ಮರಿಗೆಯನ್ನು ತಳ್ಳಿದರು. ಸಾರಿಗೆ ಉಪ್ಪು ಹಾಕಲು ಮರೆತಿದ್ದೆ ಎಂದು ಆಗ ಹೊಳೆಯಿತು. ಆ ಮರೆವಿಗೂ ತಾಯಿಗೆ ಕೈ ಮುಗಿದೆ.

ರಸ್ತೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟೂ ಕಾಲ ಮಾವ ಎದುರಿನ ಮಣೆಯಿಂದ ಕೇಳುತ್ತಲೇ ಇದ್ದರು. ಆ ಬಟ್ಟೆಗಂಟು ಮಾತ್ರ ಆ ದಿನವೇ ಬಿಚ್ಚಿತು.

ಅವರು ಎರಡನೇ ಮುದ್ದೆಗೆ ಕೈ ಹಾಕಿದಾಗ ನಾನು ಅಡಿಗೆಮನೆಗೆ ಬಂದೆ. ಬಿಸಿಲುಕೋಲು ಗೋಡೆಯವರೆಗೆ ಸರಿದಿತ್ತು. ಊಟವಾದ ಮೇಲೆ ಇಬ್ಬರಿಗೂ ಕಾಫಿ ಬೇಕು. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೀದ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಉಳಿದದ್ದನ್ನು ಪುಡಿ ಮಾಡಲು ಕೂತೆ.