ಘಾನಾಕ್ಕೆ ಹೊರಟ ಜಮೈಕಾ ಕಾಫಿ

ಮೊನ್ನೆ ಟೋಕಿಯೋದ ಫುನಾಬೊರಿಯಲ್ಲಿ, ನಮ್ಮ ಮನೆ ಹತ್ತಿರ ಹಗಲೂರಾತ್ರಿ ತೆರೆದಿರುವ ಕೊಂಬಿನಿಯ ಪಕ್ಕದ ಅಂಗಡಿಯವರು ಕಾಫಿ ಬೀಜ ಹುರಿಯುತ್ತಿದ್ದರು. ಆ ಘಮಕ್ಕೆ ಕಾಲು ಅಲ್ಲೇ ನಿಂತಿತು. ಪಕ್ಕದ ಮನೆಯಲ್ಲಿದ್ದ ಜಮೈಕಾದ ಅಕ್ಕ ನೆನಪಾದರು...

ತಮ್ಮೂರಿನ ಸಣ್ಣ ಬೆಳೆಗಾರರ ಪರವಾಗಿ ಟೋಕಿಯೋದಲ್ಲಿ ಕಾಫಿ ಮಾರುತ್ತಿದ್ದರು. ಅರವತ್ತು ದಾಟಿತ್ತು, ಒಂಟಿ ಜೀವ. ನನ್ನ ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಗೆ ಮುಖ ಸಿಂಡರಿಸುತ್ತಿದ್ದರು. ಲೋಟ ಖಾಲಿಮಾಡದೆ ಎದ್ದದ್ದು ಮಾತ್ರ ಇಲ್ಲ. ಜಪಾನಿನವರು ಅವರ ಕಾಫಿಯನ್ನು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಿದ್ದರು. ಅಕ್ಕನಿಗೆ ಅದು ಸಾಲದು. ಘಾನಾಕ್ಕೆ ನೇರವಾಗಿ ಕಳಿಸಬೇಕೆಂಬ ಹಟ. ಎರಡೂ ದೇಶದ ದೊಡ್ಡವರು ಕೈಕುಲುಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ನಮ್ಮ ಒಂದು ಮೂಟೆಯೂ ಅತ್ತ ಹೋಗುವುದಿಲ್ಲ ಎಂದು ಗೊಣಗುತ್ತಿದ್ದರು.

"ನಮ್ಮ ಹಿರೀಕರನ್ನ ಗುಲಾಮರಾಗಿ ಆ ದಡದಿಂದಲೇ ಹಡಗಲ್ಲಿ ಎಳ್ಕೊಂಡು ಬಂದ್ರು. ನಾವಾಗೇ ಒಂದು ಹಡಗು ವಾಪಸ್ ಕಳಿಸ್ಬೇಕು," ಅಂದಿದ್ದರು ಒಮ್ಮೆ.

ಅದಕ್ಕೆಂದೇ ಆಹಾರ ಮೇಳವೊಂದಕ್ಕೆ ಇಲ್ಲಿನ ಘಾನಾ ರಾಯಭಾರ ಕಚೇರಿಯ ವ್ಯಾಪಾರ ಅಧಿಕಾರಿಯನ್ನು ಕರೆಸಿದರು. ಸಹಾಯಕ್ಕೆ ನಾನೂ ಮಳಿಗೆಯಲ್ಲಿದ್ದೆ. ಅಧಿಕಾರಿ ನಗುನಗುತ್ತಲೇ ಬಂದರು. ಅಕ್ಕ ಎಡಚರು, ಸಡಗರದಲ್ಲಿ ಎಡಗೈಯಲ್ಲೇ ಕಪ್ ಚಾಚಿದರು. ಅಧಿಕಾರಿಯ ನಗು ಮಾಯವಾಯಿತು. ಕಪ್ ಮುಟ್ಟದೆ, ಆಮೇಲೆ ನೋಡೋಣ ಎಂದು ಹೊರಟೇಬಿಟ್ಟರು. ಅಕ್ಕ ಕಕ್ಕಾಬಿಕ್ಕಿ. ನನಗೆ ತಕ್ಷಣ ಹೊಳೆಯಿತು: ಎಡಗೈಯಲ್ಲಿ ಏನಾದರೂ ಕೊಟ್ಟರೆ ನನ್ನ ಅತ್ತೆಯ ಮುಖವೂ ಥೇಟ್ ಹೀಗೇ ಆಗುತ್ತಿತ್ತು! ಘಾನಾದಲ್ಲೂ ಹಾಗೇ ಇರಬೇಕು ಎಂದು ಹೇಳಿದೆ. ಅಕ್ಕನ ಕಣ್ಣು ತುಂಬಿತು. ಹಿರೀಕರ ಊರಿನ ಮರ್ಯಾದೆಯೇ ತಮಗೆ ಗೊತ್ತಿಲ್ಲವಲ್ಲ... ಎಂದರು.

ಆದರೆ ಪಟ್ಟು ಬಿಡುವ ಪೈಕಿ ಅಲ್ಲ ಅವರು. ಆ ವಾರವೆಲ್ಲ ನನ್ನ ಅಡುಗೆಮನೆಯಲ್ಲಿ ಬಲಗೈಯಲ್ಲಿ ಲೋಟ ಕೊಡುವ ಅಭ್ಯಾಸ ನಡೆಯಿತು. ಚೆಲ್ಲಿದ್ದನ್ನು ಒರೆಸಿ ಒರೆಸಿ ನನಗೆ ಸಾಕಾಯಿತು. ಆಮೇಲೆ ಅಧಿಕಾರಿಯ ಕಚೇರಿಗೇ ಹೋಗಿ, ತಪ್ಪಾಯಿತೆಂದು ಬಲಗೈಯಲ್ಲಿ ಕಪ್ ಕೊಟ್ಟರಂತೆ. ರೂಢಿಯಿಲ್ಲದ ಕೈ, ಅರ್ಧ ಚೆಲ್ಲಿತಂತೆ. ಉಳಿದರ್ಧವನ್ನು ಅಧಿಕಾರಿ ಕುಡಿದರು. ಅಲ್ಲಿಂದ ಮಾತುಕತೆ ಶುರುವಾಯಿತು.

ಪರವಾನಗಿ, ಪರೀಕ್ಷೆ ಅಂತ ವರ್ಷಗಳೇ ಹಿಡಿದವು. ನಡುವೆ ಅಕ್ಕನಿಗೆ ಕ್ಯಾನ್ಸರ್... ಆಸ್ಪತ್ರೆಯಲ್ಲಿ ಮಲಗಿಕೊಂಡೇ ನನ್ನ ಕೈಯಲ್ಲಿ ಅಧಿಕಾರಿಗೆ ಇಮೇಲ್ ಬರೆಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಇಮೇಲ್ ಬರೆಯುವುದನ್ನು ನಾನು ನಿಲ್ಲಿಸಲಿಲ್ಲ.

ನಿನ್ನೆ ಬೆಳಿಗ್ಗೆ ಆ ಅಧಿಕಾರಿಯ ಮೆಸೇಜ್ ಬಂತು. ಜಮೈಕಾದಿಂದ ಹೊರಟ ಮೊದಲ ಕಂಟೇನರ್ ಘಾನಾ ಮುಟ್ಟಿದೆ. ಫೋನ್ ಹಿಡಿದುಕೊಂಡೇ ಓಡಿ ಪಕ್ಕದ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದವಳು ಹೊಸದಾಗಿ ಬಂದ ಜಪಾನೀ ಹುಡುಗಿ. ಆಗ ನೆನಪಾಯಿತು. ಆದರೂ ಹೇಳದೆ ತಿರುಗಿ ಬರಲು ಮನಸ್ಸಾಗಲಿಲ್ಲ. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ನನ್ನ ಮುರುಕು ಜಪಾನಿಯಲ್ಲಿ, ಕಾಫಿ ತಲುಪಿತು ಎಂದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಆಳವಾಗಿ ತಲೆಬಾಗಿ ಅಭಿನಂದನೆ ಹೇಳಿದಳು. ಅಕ್ಕನಿಗೆ ಸಲ್ಲಬೇಕಾದದ್ದನ್ನು ಅವರ ಹೊಸ್ತಿಲಲ್ಲಿ ನಿಂತು ನಾನೇ ತೆಗೆದುಕೊಂಡೆ.