ಮೊದಲು ಕಾಲು, ಆಮೇಲೆ ಸ್ವಿಚ್ಚು

ಇದು ಆಗುವ ಮಾತಲ್ಲ ಎಂದವರು ಇಬ್ಬರು. ಒಬ್ಬರು ನನ್ನ ಸೋದರಮಾವ ಫಕ್ಕೀರಪ್ಪ. ನಾನು ಬಿ.ಎ. ಮುಗಿಸುವುದೂ ಆಗುವ ಮಾತಲ್ಲ ಎಂದಿದ್ದವರು ಅವರು, ಹಾಗಾಗಿ ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇನ್ನೊಬ್ಬರು ನನಗೆ ಪಿಯಾನೋ ಕಲಿಸಿದ ಕೊಟ್ರಪ್ಪ ಮಾಸ್ತರರೇ. "ಪಿಯಾನೋ ನನಗ ಬರೂದಿಲ್ಲ. ನನಗ ಬರಲಾರದ್ದು ನಿನಗ ಹೆಂಗ ಕಲಸ್ಲಿ?" ಎಂದರು. ನಾನು ಎದ್ದು ಹೊಸ್ತಿಲು ದಾಟುವಷ್ಟರಲ್ಲಿ, "ನಾಳೆ ಮುಂಜಾನೆ ಆರಕ್ಕ ಬಾ" ಎಂದೂ ಅಂದರು. ಯಾವ ಮಾತನ್ನು ಹಿಡಿಯಬೇಕೆಂದು ತಿಳಿಯಲಿಲ್ಲ. ಹೋದೆ.

ಮಾಸ್ತರರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಅವರ ಬಲಗಾಲು. ಅದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತಿರಲಿ, ಕ್ಷೌರಕ್ಕೆ ಕೂತಿರಲಿ, ಪಾದ ಏಳುತ್ತಿತ್ತು, ಇಳಿಯುತ್ತಿತ್ತು. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಅವರು ಕಾಲುಪೇಟಿ ನುಡಿಸಿದ್ದರು. ಕಾಲಲ್ಲಿ ತುಳಿದು ಗಾಳಿ ತುಂಬಿ, ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಅದು. ಕಂಪನಿಗಳು ಮುಚ್ಚಿದವು, ಪೇಟಿಯ ತಿದಿಯನ್ನು ಇಲಿ ಕಡಿಯಿತು, ಕಾಲು ಮಾತ್ರ ತುಳಿಯುವುದನ್ನು ಬಿಡಲಿಲ್ಲ. ಅವರ ಹೆಂಡತಿ ಗಂಗವ್ವ ನಮ್ಮವ್ವನ ಚಿಗವ್ವ, ನನಗೆ ಆಯಿ. ಆ ಲೆಕ್ಕದಲ್ಲಿ ಮಾಸ್ತರರು ನನಗೆ ಅಜ್ಜನಾಗಬೇಕು. ಬ್ಯಾಡಗಿಯೆಲ್ಲ ಮಾಸ್ತರ ಎನ್ನುವಾಗ ನಾನೊಬ್ಬಳೇ ಅಜ್ಜ ಎನ್ನಲು ಬಾಯಿ ಬರುತ್ತಿರಲಿಲ್ಲ.

ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಆ ಖಾರದ ಕೈಯ ದುಡಿಮೆಯಲ್ಲಿ ಹಾವೇರಿಯ ಕಾಲೇಜಿಗೆ ಹೋಗಿ ಬಂದು ಪದವಿ ಪಡೆದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಚೆನ್ನಾಗಿ ಹಾಡುತ್ತೇನೆಂದು ರಾಣೆಬೆನ್ನೂರಿನ ಒಂದು ಶಾಲೆಯವರು ಸಂಗೀತ ಕಲಿಸಲು ಕರೆದರು. ಪ್ರಾರ್ಥನೆಗೆ ಪಿಯಾನೋ ನುಡಿಸುವವರು ಬೇಕಿತ್ತು ಅವರಿಗೆ. ವರ್ಷದೊಳಗೆ ಪಿಯಾನೋ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಮೊದಲೇ ಹೇಳಿದರು.

ಬ್ಯಾಡಗಿಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಮಾಸ್ತರರ ಮನೆಯಲ್ಲಿ ಒಂದು ಸ್ಟೇಜ್ ಕೀಬೋರ್ಡ್ ಇತ್ತು. ರಾಣೆಬೆನ್ನೂರಿನ ಮದುವೆ ಆರ್ಕೆಸ್ಟ್ರಾದ ಹಾಡುಗಾರ ಶಿವು, ತಮ್ಮ ತಂಡಕ್ಕೆ ಹೊಸದು ಬಂದಾಗ ಹಳೆಯದನ್ನು ಇವರಲ್ಲಿಟ್ಟು ಹೋಗಿದ್ದ. ಹಾಡಿನ ನಡುವೆ ಪಿಯಾನೋ ತುಣುಕು ಬಂದಾಗ ಆಗೊಮ್ಮೆ ಈಗೊಮ್ಮೆ ಮಾಸ್ತರರನ್ನೇ ವೇದಿಕೆಗೆ ಕರೆಯುತ್ತಿದ್ದರು. ಸೆಮಿ-ವೇಟೆಡ್ ಕೀಗಳು: ಒತ್ತಿದರೆ ಬೆರಳಿಗೆ ತುಸು ಎದುರಾಡುತ್ತವೆ, ನಿಜವಾದ ಪಿಯಾನೋದಷ್ಟು ಭಾರವಿಲ್ಲ, ಪೇಟಿಯಷ್ಟು ಹಗುರವೂ ಇಲ್ಲ. "ಇದು ಅತ್ಲಾಗೂ ಅಲ್ಲ, ಇತ್ಲಾಗೂ ಅಲ್ಲ, ನಿನ್ನಂಗ" ಎಂದು ಮಾಸ್ತರರು ನಗುತ್ತಿದ್ದರು. ಬಿ.ಎ. ಮಾಡಿಯೂ ಭಾನುವಾರ ಅವ್ವನ ಜೊತೆ ತೊಟ್ಟು ಬಿಡಿಸಲು ಕೂರುತ್ತಿದ್ದವಳು ನಾನು.

ಅವರ ಪಾಠ ನನ್ನ ತಲೆ ಕೆಡಿಸುತ್ತಿತ್ತು. ಸೋಮವಾರ "ಜೋರಾಗಿ ಒತ್ತು, ಹಿಂದಿನ ಸಾಲಿನವನಿಗೂ ಕೇಳಬೇಕು" ಎನ್ನುವರು. ಮಂಗಳವಾರ ಹಾಗೇ ಒತ್ತಿದರೆ "ರೊಟ್ಟಿ ತಟ್ಟಾಕ ಬಂದೀಯೇನು?" ಎನ್ನುವರು. ಬದಲಾಗದೆ ಇದ್ದದ್ದು ಒಂದೇ ನೇಮ. ಕೀಬೋರ್ಡಿಗೆ ಕರೆಂಟು ಕೊಡುವ ಮೊದಲು, ವೈರಿನಿಂದ ಅದಕ್ಕೆ ಜೋಡಿಸಿ ನೆಲದ ಮೇಲಿಟ್ಟ ಪೆಡಲಿನ ಮೇಲೆ ಕಾಲಿಟ್ಟು ಗಟ್ಟಿಯಾಗಿ ತುಳಿಯಬೇಕು, ಆಮೇಲೆ ಸ್ವಿಚ್ಚು ಹಾಕಬೇಕು. "ಉಸರ ತುಂಬದ ಯಾವ ಪೇಟಿ ಹಾಡತೈತಿ?" ಎನ್ನುತ್ತಿದ್ದರು.

ನನ್ನ ಹತ್ತಿರ ಇಂಗ್ಲಿಷಿನ ಒಂದು ಪುಸ್ತಕವಿತ್ತು. ಪೆಡಲ್ ತುಳಿದರೆ ಸ್ವರ ನಿಲ್ಲದೆ ಉಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಾಸ್ತರರ ಮನೆಯಲ್ಲಿ ಎಲ್ಲ ತಿರುಗಾಮುರುಗಾ. ತುಳಿದರೆ ಸ್ವರ ಕಡಿಯುತ್ತಿತ್ತು, ಬಿಟ್ಟರೆ ಹರಿಯುತ್ತಿತ್ತು. ಕೇಳಿದೆ. "ಪುಸ್ತಕಾ ಬರದಾಂವ ಬ್ಯಾಡಗಿಗೆ ಬಂದಾನೇನು?" ಎಂದರು. ಆ ರಾತ್ರಿ ಆ ಪುಟವನ್ನು ಮತ್ತೆ ಮತ್ತೆ ಓದಿದೆ. ತಪ್ಪು ಮಾಸ್ತರರದ್ದು ಎಂದು ಅನ್ನಿಸಲೇ ಇಲ್ಲ. ನನ್ನ ಇಂಗ್ಲಿಷೇ ಕಚ್ಚಾ, ಓದಿದ್ದು ತಲೆಕೆಳಗಾಗಿ ತಿಳಿದಿದೆ ಎಂದುಕೊಂಡೆ. ಮನೆಯಲ್ಲಿ ಮೊದಲು ಓದಿದವರಿಗೆ ಈ ರೋಗ ಇರುತ್ತದೆ, ಓದಿದ್ದು ನಿಜವೇ ಎಂದು ಕೇಳಲು ಹಿಂದೆ ಯಾರೂ ಇರುವುದಿಲ್ಲ. ಸ್ವರ ಬದಲಿಸುವಾಗ ತುಳಿ, ನುಡಿಸಿದ ಮೇಲೆ ಬಿಡು. ಹಾಗೆಯೇ ನನ್ನ ಕಾಲು ಕಲಿಯಿತು.

ಪರೀಕ್ಷೆಗೆ ಮೂರು ವಾರವಿದ್ದಾಗ ಶಿವು ಯಾವುದೋ ವೈರು ಬೇಕೆಂದು ಬಂದ. ನಾನು ನುಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಮಾಸ್ತರರನ್ನು ಹೊರಗೆ ಕರೆದು ಏನೋ ಮಾತಾಡಿದ. ಒಳಗೆ ಬಂದ ಮಾಸ್ತರರು "ಇವತ್ತ ಸಾಕು" ಎಂದರು. ಮರುದಿನ ಪಾಠವೇ ಇಲ್ಲ. ನನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಆಯಿಯನ್ನು ಕೇಳಿದರೆ, ಅವರಿಗೆ ಮೈಯಲ್ಲಿ ಹುಷಾರಿಲ್ಲ ಎಂದಳು. ಮೂರನೆಯ ದಿನ ಏನೂ ಆಗದವರಂತೆ ಪಾಠ ಮುಂದುವರಿಸಿದರು.

ಪರೀಕ್ಷೆಯ ಹಿಂದಿನ ದಿನ ಎರಡೆರಡು ಸಲ ಹೇಳಿದರು: "ಅಲ್ಲಿ ಏನರ ಎಡವಟ್ಟಾತು ಅಂದ್ರ ಗಾಬರಿ ಆಗಬ್ಯಾಡ. ಪೇಟಿ ಬಂದ್ ಮಾಡು. ಕಾಲಿಡು. ಆಮ್ಯಾಲೆ ಹಚ್ಚು." ಮುದುಕರ ನಂಬಿಕೆ ಎಂದುಕೊಂಡು ತಲೆಯಾಡಿಸಿದೆ.

ಹಾವೇರಿಯಲ್ಲೂ ಪಿಯಾನೋ ಇಲ್ಲದ್ದರಿಂದ ಪರೀಕ್ಷೆ ಕೀಬೋರ್ಡಿನ ಮೇಲೆಯೇ; ಕೋಣೆಯಲ್ಲಿ ಅದು ಆಗಲೇ ಚಾಲೂ ಇತ್ತು. ಎದುರಿಗೆ ಬೆಂಗಳೂರಿನಿಂದ ಬಂದ ಪರೀಕ್ಷಕಿ. ಶುರು ಮಾಡಿದೆ. ತುಳಿದರೆ ಸ್ವರಗಳು ಒಂದರೊಳಗೊಂದು ಕಲಸಿಕೊಂಡವು, ಬಿಟ್ಟರೆ ಸತ್ತವು. ಬೆರಳು ಸರಿಯಾಗಿಯೇ ಇದ್ದವು, ಆದರೂ ಕಿವಿಗೆ ಬೀಳುತ್ತಿದ್ದುದು ನನ್ನದಾಗಿರಲಿಲ್ಲ. ನಾಲ್ಕನೆಯ ಸಾಲಿಗೆ ನಿಲ್ಲಿಸಿದೆ. ಮಾವನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಮಾಸ್ತರರ ಮಾತು.

"ಮೇಡಂ, ಒಂದ್ ಸಲ ಬಂದ್ ಮಾಡಿ ಹಚ್ಚಲೇನ್ರಿ?"

ಆಕೆ ಹುಬ್ಬೇರಿಸಿ, ಆಗಲಿ ಎಂದರು. ಬಂದ್ ಮಾಡಿದೆ. ಕಾಲಿಟ್ಟು ತುಳಿದೆ. ಸ್ವಿಚ್ಚು ಹಾಕಿದೆ. ಸ್ವರ ನನ್ನ ಕಾಲಿಗೆ ಮರಳಿ ಬಂತು. ಪರೀಕ್ಷೆಗಿದ್ದ ಮೂರೂ ತುಣುಕುಗಳನ್ನು ಎಲ್ಲೂ ನಿಲ್ಲದೆ ನುಡಿಸಿದೆ.

ಆಕೆ ಬರೆಯುವುದನ್ನು ಮುಗಿಸಿ ಪೆನ್ನು ಕೆಳಗಿಟ್ಟರು. "ಇದನ್ನು ಯಾರಮ್ಮ ಕಲಿಸಿದ್ದು? ಸ್ವಿಚ್ ಹಾಕುವಾಗ ಪೆಡಲ್ ಹೇಗಿರುತ್ತೋ ಅದನ್ನೇ ಈ ಕೀಬೋರ್ಡು ಕಾಲೆತ್ತಿದ ಸ್ಥಿತಿ ಅಂದ್ಕೊಳ್ಳುತ್ತೆ. ನೀವು ತುಳಿದೇ ಹಾಕಿದ್ರಿ, ಅದಕ್ಕೇ ಎಲ್ಲ ಉಲ್ಟಾ. ಕೇಳೋಕೆ ಮಾತ್ರ ಸರಿಯಾಗೇ ಇತ್ತು." ಪುಸ್ತಕವೂ ಸರಿ, ನನ್ನ ಇಂಗ್ಲಿಷೂ ಸರಿ, ಮಾಸ್ತರರು ತಪ್ಪು. ಆದರೆ ನಾನು ನುಡಿಸಿ ಮುಗಿಸಿದ್ದು ಅವರ ಮಾತಿನಿಂದಲೇ. ಬ್ಯಾಡಗಿಯ ಬಸ್ಸಿನಲ್ಲಿ ಇದನ್ನು ಎಷ್ಟು ಕೂಡಿಸಿದರೂ ಕೂಡಲಿಲ್ಲ. ಅವರಿಗೆ ಹೇಳಬಾರದು ಎಂಬುದೊಂದನ್ನು ಮಾತ್ರ ಗಟ್ಟಿ ಮಾಡಿಕೊಂಡೆ.

ಮಾಸ್ತರರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಪಾಸಾಗುತ್ತದೆಯೋ ಇಲ್ಲವೋ ಕೇಳಲಿಲ್ಲ. "ಬಂದ್ ಮಾಡಿ ಹಚ್ಚಿದೇನು?" ಎಂದರು. ಹೂಂರಿ ಎಂದೆ. ಅವರ ಬಲಗಾಲು ನಿಂತುಬಿಟ್ಟಿತು. ನಾನು ಅದನ್ನೇ ನೋಡುತ್ತ ಕೂತೆ. ಬಹಳ ಹೊತ್ತಾದರೂ ಅದು ಅಲುಗಲಿಲ್ಲ.

ಅದೇ ಕೊನೆಯ ಭೇಟಿ. ಮರುವಾರ ಗುತ್ತಲದ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಸರ್ಟಿಫಿಕೇಟು ಬಂದದ್ದು ಅದರ ಮುಂದಿನ ತಿಂಗಳು. ಶಾಲೆಯವರು ಕೆಲಸ ಕಾಯಂ ಮಾಡಿದರು. ನಾನು ಸರ್ಟಿಫಿಕೇಟನ್ನು ಮೊದಲು ಒಯ್ದದ್ದು ಆಯಿಯ ಹತ್ತಿರ.

ಆಕೆ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಎರಡೂ ಕೈಯಲ್ಲಿ ಇಸಿದುಕೊಂಡಳು. ಓದಲು ಬಾರದು, ಆದರೂ ಮೇಲಿಂದ ಕೆಳಗಿನವರೆಗೆ ನೋಡಿದಳು.

"ಶಿವು ಬಂದು ಹೇಳಿದ ದಿನ ಅವರು ಉಣಲಿಲ್ಲವ್ವಾ. ಹುಡುಗಿ ಕಾಲಿಗೆ ಉಲ್ಟಾ ಕಲಿಸೇನಿ, ಈಗ ತಿದ್ದಾಕ ಹ್ವಾದ್ರ ಉಲ್ಟಾದೂ ಸರೀದೂ ಎರಡೂ ಕೈಬಿಡತಾವು ಅಂತ ಒಂದ ಸಮನ ಅದನ್ನ ಅಂದ್ರು. ನಿನಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸಿದ್ರು."

ಆಯಿ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿ, ಮೆಲ್ಲಗೆ ಕೇಳಿದಳು:

"ಅವರ ತಪ್ಪು ಇದರಾಗ ಎಲ್ಲೂ ಬರದಿಲ್ಲ ಹೌದಿಲ್ಲ?"