ಹಣಿಗೆಯ ಗೆರೆ, ಚಮಚೆಯ ಗೆರೆ

ಮೊನ್ನೆ ಮೈದುನನ ಮಗಳು ಹುಬ್ಬಳ್ಳಿಯಿಂದ ಬರುವಾಗ ಬೇಕರಿಯ ಒಂದು ಪೊಟ್ಟಣ ತಂದಳು. "ದೊಡ್ಡವ್ವಾ, ಕ್ರಿಸ್‌ಮಸ್ ಬಂತಂತ ಎಲ್ಲಾ ಬೇಕರ‍್ಯಾಗೂ ಇಟ್ಟಾರ. ನೀ ಹೇಳತಿದ್ದೆಲ್ಲಾ, ಅದ ನೋಡು ಇದು" ಎಂದು ಕೈಗೆ ಕೊಟ್ಟು, ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೋದಳು. ಪ್ಲಾಸ್ಟಿಕ್ಕಿನೊಳಗೆ ಕಿರುಬೆರಳಿನ ತುದಿಯಷ್ಟು ಸುರುಳಿಗಳು, ಮೇಲೆ ಸಕ್ಕರೆಯ ಬಿಳುಪು. ಕಲ್‌ಕಲ್. ಒಂದನ್ನು ಬಾಯಿಗೆ ಹಾಕಿಕೊಂಡೆ, ಡಾಲ್ಡಾದ ವಾಸನೆ ಹೊಡೆಯಿತು. ಆಮೇಲೆ ಕನ್ನಡಕ ಹಾಕಿಕೊಂಡು ಗೆರೆ ನೋಡಿದೆ. ಎಲ್ಲದರ ಮೇಲೂ ಒಂದೇ ಆಳದ, ಒಂದೇ ಅಂತರದ ಗೆರೆ, ಯಂತ್ರ ಒತ್ತಿದ್ದು. ತಿನ್ನುವ ಪದಾರ್ಥದ ಗೆರೆ ನೋಡುವ ಚಟ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಈಗ ನನಗೆ ಬೇರೆ ಕೆಲಸವಿಲ್ಲ.

ಕೆಲಸವಿಲ್ಲ ಎನ್ನುವುದು ಮಾತಿಗೆ ಹೇಳಿದ್ದಲ್ಲ. ಶ್ರಾವಣದಲ್ಲಿ ನನ್ನ ಗಂಡ ತೀರಿಕೊಂಡರು. ಅಂದಿನಿಂದ ನಮ್ಮ ಕಡಾಯಿ ಅಡುಗೆಮನೆಯ ಹಲಗೆಯ ಮೇಲೆ ಬೋರಲು ಬಿದ್ದಿದೆ. ಅಣ್ಣಿಗೇರಿಯ ನಮ್ಮ ಓಣಿಯಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಎಣ್ಣೆ ಇಟ್ಟು ಕರಿಯುವುದಿಲ್ಲ. ಹಬ್ಬ ಬಂದರೆ ಓಣಿಯವರೇ ಮಾಡಿ ತಂದು ಕೊಡುತ್ತಾರೆ. ನಾವು ಸೂತಕವನ್ನು ಒಪ್ಪದ ಜನ ಎಂದು ಎದೆ ತಟ್ಟಿ ಹೇಳಿಕೊಳ್ಳುವವರು. ಹೇಳುವಾಗ ಸೂತಕವಿಲ್ಲ, ನಡೆಯುವಾಗ ಇದೆ. ದೀಪಾವಳಿಗೆ ಎಲ್ಲ ಮನೆಗಳಿಂದಲೂ ತಟ್ಟೆ ಬಂದವು. ನಮ್ಮ ಕಡೆ ಯಾರ ತಟ್ಟೆಯನ್ನೂ ಖಾಲಿ ಕೊಡುವ ರೂಢಿಯಿಲ್ಲ, ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆ ಉದುರಿಸಿ ಕೊಡುತ್ತೇವೆ. ಈ ವರ್ಷ ಮಾತ್ರ "ಖಾಲಿನ ಕೊಡ್ರಿ ಅಕ್ಕಾರ, ನಡೀತೈತಿ" ಎನ್ನುತ್ತಾರೆ. ನಡೆಯುತ್ತದೆ, ಆದರೆ ನನ್ನ ಕೈ ನಡೆಯುವುದಿಲ್ಲ. ತಟ್ಟೆಗಳು ಮೂಲೆಯಲ್ಲಿ ಒಂದರ ಮೇಲೊಂದು ಏರಿ ಕುಳಿತಿವೆ. ನಾನೂ ಕುಳಿತಿದ್ದೇನೆ. ಬಂದವರೆಲ್ಲ ಹೇಳುವುದು ಅದನ್ನೇ: "ನೀವು ಸುಮ್ಮ ಕುಂದರ್ರಿ. ನಾವು ಅದೀವಿ."

ಈ ಮಾತನ್ನು ನಾನು ಮೊದಲು ಕೇಳಿದ್ದು ಪಕ್ಕದ ಮನೆಯ ಸಲೋಮಿ ಮೌಶಿಯಲ್ಲಿ, ಓಣಿಗೆಲ್ಲ ಚಿಕ್ಕವ್ವನಂತಿದ್ದವರ ಮನೆಯಲ್ಲಿ. ಆಗ ಅದನ್ನು ಹೇಳುವವರ ಗುಂಪಿನಲ್ಲಿದ್ದೆ.

ಕುಂದಗೋಳದಿಂದ ಸೊಸೆಯಾಗಿ ಈ ಮನೆಗೆ ಬಂದಾಗ, ನಮ್ಮ ಮನೆಗೂ ಮೌಶಿಯ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಸೀನಿದರೆ ಆ ಕಡೆಯಿಂದ "ನೂರು ವರ್ಷ ಬಾಳು" ಎಂದು ಕೇಳಿಸುತ್ತಿತ್ತು. ಅವರ ಗಂಡ ರೈಲ್ವೆಯಲ್ಲಿದ್ದು ಬೇಗ ತೀರಿಹೋಗಿದ್ದರು. ಮೌಶಿ ಬಾಲವಾಡಿಯಲ್ಲಿ ಕಲಿಸುತ್ತ ಮಗಳು ಕರುಣಾಳನ್ನು ಬೆಳೆಸಿದ್ದರು. ಓಣಿಗೆ ಅದೊಂದೇ ಕ್ರೈಸ್ತರ ಮನೆ. ಪ್ರಾರ್ಥನೆಗೆ ತಾಯಿ ಮಗಳು ಗದಗಿಗೆ ರೈಲಿನಲ್ಲಿ ಹೋಗಿಬರುತ್ತಿದ್ದರು. ನನ್ನ ಗಂಡ ಚಿಕ್ಕಂದಿನಿಂದ ಆ ಮನೆಯ ಡಬ್ಬಿಗಳಿಗೆ ಕೈ ಹಾಕಿಯೇ ಬೆಳೆದವರು.

ಡಿಸೆಂಬರ್ ಬಂದರೆ ಮೌಶಿ ಸಂತೆಯಲ್ಲಿ ಹೊಸ ಹಣಿಗೆ ಕೊಳ್ಳುತ್ತಿದ್ದರು. ಒಂದಲ್ಲ, ಕೈತುಂಬ. ಅವರ ತಲೆಯಲ್ಲಿದ್ದುದು ಅಡಿಕೆಯಷ್ಟು ತುರುಬು. ಹೊಸ ಸೊಸೆಗೆ ಬಾಯಿ ತಡೆಯುವುದು ಕಷ್ಟ ನೋಡಿ, ಕೇಳಿಯೇಬಿಟ್ಟೆ: "ಮೌಶಿ, ಇರೂದು ಇಷ್ಟ ಕೂದಲಾ. ಇಷ್ಟು ಹಣಿಗಿ ಯಾಕ್ರಿ?" ಅವರು ನಕ್ಕು, ಒಂದು ಹಣಿಗೆಗೆ ತುಪ್ಪ ಸವರಿ ನನ್ನ ಕೈಗೆ ಕೊಟ್ಟರು. "ಕುಂದ್ರ ಯವ್ವಾ. ಕೇಳಿದಾಕಿನ ಮಾಡಬೇಕು."

ಹಾಗೆ ನಾನು ಕಲ್‌ಕಲ್ ಒತ್ತಲು ಕಲಿತೆ. ನೀವೂ ಕಲಿಯಿರಿ, ಕಷ್ಟವೇನಿಲ್ಲ. ಮೂರು ಪಾಲು ಮೈದಾ, ಒಂದು ಪಾಲು ಚಿರೋಟಿ ರವೆ, ಪುಡಿ ಮಾಡಿದ ಸಕ್ಕರೆ, ಚಿಟಿಕೆ ಉಪ್ಪು. ಅದರ ಮೇಲೆ ಕಾದ ತುಪ್ಪ ಸುರಿದು ಎರಡೂ ಅಂಗೈಯಿಂದ ಉಜ್ಜಬೇಕು. ಎಷ್ಟು ತುಪ್ಪ ಎಂದು ಮೌಶಿಯನ್ನು ಕೇಳಿದರೆ, "ಮುಷ್ಟ್ಯಾಗ ಹಿಡದ್ರ ನಿಲ್ಲಬೇಕು, ಬೆರಳು ಹಚ್ಚಿದ್ರ ಒಡೀಬೇಕು" ಎನ್ನುತ್ತಿದ್ದರು. ಆಮೇಲೆ ತೆಂಗಿನ ಹಾಲು ಹಾಕಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಬಿಡಬೇಕು. ಗೋಲಿಯಷ್ಟು ಹಿಟ್ಟನ್ನು ಹಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ತುದಿ ಎತ್ತಿ ಸುರುಳಿ ಸುತ್ತಬೇಕು. ಸಣ್ಣ ಉರಿಯಲ್ಲಿ ಕರಿದು, ಎಳೆ ಪಾಕದಲ್ಲಿ ಹೊರಳಿಸಿದರೆ ಆರಿದ ಮೇಲೆ ಬೆಳ್ಳಗಾಗುತ್ತದೆ. ನಮ್ಮ ಅತ್ತೆ ಮೊದಲ ಸಲ ಅದನ್ನು ನೋಡಿ, "ಹತ್ತಿ ಕಾಯ್ಯಾಗಿನ ಹುಳ ಇದ್ದಂಗ ಅದಾವಲ್ಲವಾ" ಎಂದಿದ್ದರಂತೆ. ಅಂದು ತಿಂದ ಮೇಲೆ ಹುಳದ ಮಾತು ಬಿಟ್ಟು ಮಾಡುವ ಬಗೆ ಕೇಳಿದರಂತೆ. ಮೌಶಿ ಕಲ್‌ಕಲ್ ಹೇಳಿಕೊಟ್ಟರು, ಗುಲಾಬಿ ಬಣ್ಣದ ಕೊಬ್ಬರಿ ವಡಿ ಹೇಳಿಕೊಟ್ಟರು. ಅತ್ತೆ ಶೇಂಗಾ ಉಂಡೆಯ ಬೆಲ್ಲದ ಹದ ಹೇಳಿಕೊಟ್ಟರು. ಶೇಂಗಾ ಉಂಡೆ ಹಾಗೆ ಮೌಶಿಯ ಕ್ರಿಸ್‌ಮಸ್ ತಟ್ಟೆಯಲ್ಲಿ ಸೇರಿಕೊಂಡಿತು.

ಮೌಶಿಯ ಮನೆಯಲ್ಲಿ ಹಿಟ್ಟು ಎರಡು ಇರುತ್ತಿದ್ದವು. ಒಂದಕ್ಕೆ ತತ್ತಿ ಒಡೆದು ಹಾಕಿದ್ದು, ಒಂದಕ್ಕೆ ಇಲ್ಲ. ತತ್ತಿಯಿಲ್ಲದ್ದು ನಮ್ಮಂಥ ಓಣಿಯವರಿಗೆ. ಅದನ್ನು ಮೊದಲು ಕಲಸಿ, ಮೊದಲು ಕರಿದು, ಬೇರೆ ಡಬ್ಬಿಗೆ ತುಂಬಿದ ಮೇಲೆಯೇ ಮತ್ತೊಂದು ಹಿಟ್ಟಿಗೆ ಕೈ. ಆದರೂ ಬೆರೆತುಹೋದರೆ? ಅದಕ್ಕೇ ಗೆರೆ. ಓಣಿಗೆ ಕೊಡುವವುಗಳನ್ನು ಹಣಿಗೆಯ ಮೇಲೆ ಒತ್ತುತ್ತಿದ್ದರು, ಗೆರೆ ಸಣ್ಣಗೆ ಒತ್ತೊತ್ತಾಗಿ ಮೂಡುತ್ತಿತ್ತು. ಮನೆಗೆ ಇಟ್ಟುಕೊಳ್ಳುವವುಗಳನ್ನು ಮುಳ್ಳು ಚಮಚೆಯ ಬೆನ್ನಿನ ಮೇಲೆ, ಗೆರೆ ದಪ್ಪ, ದೂರದೂರ. "ಹಣಿಗೀದು ಓಣಿಗೆ, ಚಮಚೇದು ಮನಿಗೆ. ನೆನಪಿಟ್ಟಕೋ ಯವ್ವಾ, ನಿಮ್ಮತ್ತಿ ಜಾತಿ ಕೆಡಸಿದ ಪಾಪ ನನಗ ಬ್ಯಾಡ" ಎನ್ನುತ್ತಿದ್ದರು. ಚಮಚೆಯ ಕೆಲಸ ಕರುಣಾಳದು. ತಾಯಿ ಹಣಿಗೆ ಹಿಡಿದು ಓಣಿಯ ಹೆಂಗಸರ ನಡುವೆ ಮಾತಾಡುತ್ತ ಕುಳಿತರೆ, ಮಗಳು ಒಲೆಯ ಬಾಜು ಒಬ್ಬಳೇ ಕುಳಿತು, ತುಟಿ ಕಚ್ಚಿಕೊಂಡು, ಚಮಚೆಯ ಮೇಲೆ ಒತ್ತುತ್ತಿದ್ದಳು. ಅವಸರದ ಹುಡುಗಿ. ಅವಳ ಸುರುಳಿಗಳು ಅರ್ಧ ಬಿಚ್ಚಿಕೊಂಡೇ ಇರುತ್ತಿದ್ದವು. "ಬಾಯಿ ತಕ್ಕೊಂಡು ಕುಂತಾವ ನೋಡು, ನಿನ್ನಂಗ" ಎಂದು ತಾಯಿ ರೇಗಿಸುತ್ತಿದ್ದರು.

ಕರುಣಾ ಒಂದು ನವರಾತ್ರಿಯ ನಂತರ ಜ್ವರದಿಂದ ಮಲಗಿದಳು. ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಹೋಗುವಾಗ ಗಾಡಿಯಲ್ಲಿ ತಾನೇ ಹತ್ತಿ ಕುಳಿತವಳು ಬರುವಾಗ ಹಾಗೆ ಬರಲಿಲ್ಲ. ಮದುವೆಯ ಮಾತು ನಡೆದಿದ್ದ ವಯಸ್ಸು. ಹೆಚ್ಚು ಬರೆಯಲಾರೆ.

ಇಲ್ಲಿ ನಮ್ಮ ಊರಿನ ಒಂದು ರೀತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ದುಃಖದ ಮನೆಯವರು "ಬ್ಯಾಡ್ರಿ" ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಊಟ ತಂದಾಗ ಅವರು ಬೇಡ ಎನ್ನಬೇಕು, ನಾವು ಒತ್ತಾಯ ಮಾಡಿ ರೊಟ್ಟಿ ಮುರಿದು ಬಾಯಿಗೆ ಇಡಬೇಕು. ನೀರು ತರಲು ಎದ್ದರೆ ಕೊಡ ಕಸಿದುಕೊಳ್ಳಬೇಕು. ಮೊದಲ "ಬ್ಯಾಡ"ಕ್ಕೆ ಹಿಂದೆ ಸರಿದವರನ್ನು ಕಲ್ಲೆದೆಯವರು ಎನ್ನುತ್ತಾರೆ. ಇದರಲ್ಲಿ ಕಪಟವಿಲ್ಲ, ನಮಗೆ ಗೊತ್ತಿರುವ ಪ್ರೀತಿ ಇದೇ.

ಆ ಡಿಸೆಂಬರಿನಲ್ಲಿ ಗೋಡೆಯ ಆಚೆ ಪರಾತದ ಸದ್ದು ಕೇಳಿತು. ಅತ್ತೆ ಕಿವಿಗೊಟ್ಟರು. "ಸಲೋಮಿ ಹಿಟ್ಟು ನಾದಾಕತ್ತಾಳ. ಅಯ್ಯ ಶಿವನ, ಮಗಳು ಹೋಗಿ ಇನ್ನಾ ಎಷ್ಟು ದಿನಾ ಆತು? ಯಾರೂ ಇಲ್ಲಂತ ತಾನ ಮಾಡಾಕತ್ತಾಳ. ನಡೀರಿ, ಹೋಗೂಣು" ಎಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡರು. ನಾನೂ ಹಿಂದೆ ಹೋದೆ.

ಮೌಶಿ ಒಲೆಯ ಬಾಜು, ಕರುಣಾ ಕೂರುತ್ತಿದ್ದ ಜಾಗದಲ್ಲಿ ಕುಳಿತಿದ್ದರು. ಮುಂದೆ ಒಂದೇ ಹಿಟ್ಟು, ತತ್ತಿಯದು. ಕೈಯಲ್ಲಿ ಮುಳ್ಳು ಚಮಚೆ. ಕಡಾಯಿಗೆ ಎಣ್ಣೆ ಹಾಕಿದ್ದರು, ಒಲೆ ಇನ್ನೂ ಹೊತ್ತಿಸಿರಲಿಲ್ಲ.

"ಏಳ್ರಿ ಸಲೋಮಿಬಾಯಿ" ಎಂದರು ಅತ್ತೆ. "ಈ ವರ್ಷ ನೀವು ಎಣ್ಣಿ ಇಡಬಾರದು. ನಾವು ಮಾಡಿ ಕೊಡತೇವಿ."

"ನಮ್ಮಾಗ ಹಂಗೇನಿಲ್ರಿ ಅಕ್ಕಾರ" ಎಂದರು ಮೌಶಿ.

"ಇರಲಿ ಬಿಡ್ರಿ. ನೀವು ಸುಮ್ಮ ಕುಂದರ್ರಿ. ನಾವು ಅದೀವಿ."

"ಬ್ಯಾಡ್ರಿ. ನನಗ ಮಾಡಬೇಕಾಗೇತಿ."

ಅತ್ತೆಯ ಕಣ್ಣಲ್ಲಿ ನೀರು ಬಂತು. ಅವರಿಗೆ ಅದು ಎಲ್ಲ ದುಃಖದ ಮನೆಗಳಲ್ಲಿ ಕೇಳಿದ "ಬ್ಯಾಡ್ರಿ"ಯೇ. ಮೌಶಿಯ ಹಿಡಿಯಿಂದ ಚಮಚೆಯನ್ನು ಮೆಲ್ಲಗೆ ಬಿಡಿಸಿಕೊಂಡರು. ಯಾರೋ ಎಣ್ಣೆಯನ್ನು ತಿರುಗಿ ಡಬ್ಬಿಗೆ ಸುರಿದರು, ಯಾರೋ ಕಡಾಯಿ ತೊಳೆದು ಬೋರಲು ಹಾಕಿದರು. ತತ್ತಿಯ ಹಿಟ್ಟನ್ನು ಮುಟ್ಟುವವರಿರಲಿಲ್ಲ, ಅದನ್ನು ಹಾಗೇ ಮುಚ್ಚಿಟ್ಟರು. ಮೌಶಿ ಎರಡನೆಯ ಸಲವೂ ಏನೋ ಅಂದರು, ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಹೊರಗೆ ಬಂದ ಮೇಲೆ ಅತ್ತೆ, "ಗಟ್ಟಿ ಹೆಣ್ಣಮಗಳು. ಎಷ್ಟು ಬ್ಯಾಡಂದ್ಲು ನೋಡು" ಎಂದು ಕಣ್ಣೊರೆಸಿಕೊಂಡರು.

ಓಣಿಯ ಹೆಂಗಸರು ಕಲ್‌ಕಲ್ ಮಾಡಿದರು. ಮೌಶಿ ಕಲಿಸಿದ ಹಾಗೆಯೇ, ತುಪ್ಪ ಸ್ವಲ್ಪ ಹೆಚ್ಚೇ ಹಾಕಿ. ಹಬ್ಬದ ದಿನ ಅವರು ಗದಗಿನಿಂದ ಬಂದ ಮೇಲೆ ತಟ್ಟೆಗಳು ಹೋದವು. ನಮ್ಮ ಮನೆಯದನ್ನು ನಾನು ಒಯ್ದೆ. ಮೇಜಿನ ಮೇಲೆ ಸಾಲಾಗಿ ತಟ್ಟೆ, ಎಲ್ಲದರಲ್ಲೂ ಕಲ್‌ಕಲ್. ಮೌಶಿ ಬಿಳಿ ಸೀರೆಯಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನನ್ನ ತಟ್ಟೆಯಿಂದ ಒಂದನ್ನು ಎತ್ತಿ, ತಿನ್ನಲಿಲ್ಲ, ಉಗುರಿನಿಂದ ಗೆರೆ ಮುಟ್ಟಿ ನೋಡಿದರು. ಆಮೇಲೆ ಮತ್ತೊಂದು ತಟ್ಟೆ, ಮತ್ತೊಂದು.

"ಎಲ್ಲಾ ಹಣಿಗೀವ ಅದಾವಲ್ಲ ಯವ್ವಾ" ಎಂದರು.

"ಹೌದ್ರಿ ಮೌಶಿ. ಚಂದ ಬಂದಾವ?" ಎಂದೆ.

"ಭಾಳ ಚಂದ ಬಂದಾವ" ಎಂದರು.

ಮರುದಿನ ಬೆಳಿಗ್ಗೆ ಅವರ ಹಿತ್ತಲ ಗೋಡೆಯ ಮೇಲೆ ಕಾಗೆಗಳ ಗದ್ದಲ. ಹುಳಿತ ಹಿಟ್ಟಿನ ಮುದ್ದೆಯನ್ನು ಅಲ್ಲಿ ಇಟ್ಟಿದ್ದರು. ಹಿಟ್ಟಿನ ಒಂದು ಬದಿಯಲ್ಲಿ ಚಮಚೆಯ ಗೆರೆಗಳು ಒತ್ತಿ ಒತ್ತಿ ಮೂಡಿದ್ದವು, ಮೇಲೊಂದು ಕೆಳಗೊಂದು. ನಾನು ಬಟ್ಟೆ ಒಣಹಾಕುತ್ತ ನೋಡಿದೆ. ಕಾಗೆಗಳು ತಿಂದು ಮುಗಿಸಿದವು.

ಮುಂದಿನ ವರ್ಷ ನಮ್ಮ ಲೆಕ್ಕದಲ್ಲಿ ಎಲ್ಲ ತಡೆ ಮುಗಿದಿತ್ತು. ಅತ್ತೆಯೇ ಹೋಗಿ, "ಈ ಸಲ ಮಾಡ್ರಿ, ನಾವೆಲ್ಲಾ ಬರತೇವಿ ಒತ್ತಾಕ" ಎಂದರು. ಮೌಶಿ ನಕ್ಕು "ಕೈ ಹೋಗೇತ್ರಿ ಅಕ್ಕಾರ" ಎಂದರು. ಸಂತೆಯಲ್ಲಿ ಹಣಿಗೆ ಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಬೆಟಗೇರಿಯ ತಂಗಿಯ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಮಣ್ಣಿಗೆ ನಾನೂ ನನ್ನ ಗಂಡನೂ ಹೋಗಿದ್ದೆವು. ನಿಮಗೆ ಕಲ್‌ಕಲ್ ಕಲಿಸಿದವರು ಇವರೇ ಏನು ಎಂದು ಯಾರೋ ನನ್ನನ್ನು ಕೇಳಿದಾಗ ಹೌದು ಎಂದೆ. ನಮ್ಮ ಓಣಿ ಅವರಿಗೆ ಕೊನೆಯ ಸಲ ಕೊಟ್ಟದ್ದು ಹೊರಗಿನವರಿಗೆಂದು ಮಾಡುವ ಹಣಿಗೆಯ ಕಲ್‌ಕಲ್ ಎಂದು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ನಮ್ಮವರು ಯಾರೂ ಕೆಟ್ಟವರಲ್ಲ. ಅವರ ಮನೆಗೆಂದು ಮಾಡುವ ಹಕ್ಕು ಅವರೊಬ್ಬರಿಗೇ ಇತ್ತು, ಅದನ್ನೇ ನಾವು ತೊಳೆದು ಬೋರಲು ಹಾಕಿ ಬಂದಿದ್ದೆವು.

ಇದೆಲ್ಲ ನನಗೆ ಆಗ ಗೊತ್ತಿತ್ತು ಎಂದುಕೊಳ್ಳಬೇಡಿ. ಈ ನಾಲ್ಕೈದು ತಿಂಗಳಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕುಳಿತು ಗೊತ್ತಾದದ್ದು. ಸತ್ತವರು ಒಯ್ಯುವುದು ತಮ್ಮನ್ನಷ್ಟೇ. ಕೈಯ ಕೆಲಸವನ್ನು ಇರುವವರು ಒಯ್ಯುತ್ತಾರೆ, ಅದೂ ಕಣ್ಣೀರು ಹಾಕಿಕೊಂಡು.

ಮರುದಿನ ಬೆಳಿಗ್ಗೆ ಬೇಕರಿಯ ಪೊಟ್ಟಣವನ್ನು ಕಟ್ಟಿ ಬದಿಗಿಟ್ಟೆ. ಕಡಾಯಿ ಇಳಿಸಿ ಧೂಳು ತೊಳೆದೆ. ಮೈದಾ, ರವೆ, ತುಪ್ಪ. ತತ್ತಿ ಹಾಕಲಿಲ್ಲ, ಅಷ್ಟು ದೂರ ಹೋಗುವ ಧೈರ್ಯ ನನಗೆ ಈ ಜನ್ಮದಲ್ಲಿಲ್ಲ. ಹಿಟ್ಟು ನೆನೆಯುವ ತನಕ ಮುಳ್ಳು ಚಮಚೆ ಹುಡುಕಿದೆ. ಬೇರೆ ಊರಲ್ಲಿರುವ ನನ್ನ ಮಗಳು ಯಾವಾಗಲೋ ತಂದಿಟ್ಟದ್ದು, ಡಬ್ಬಿಯ ತಳದಲ್ಲಿ ಸಿಕ್ಕಿತು. ಎಣ್ಣೆ ಕಾಯುವ ಹೊತ್ತಿಗೆ ಪಕ್ಕದ ಮನೆಯ ಗಿರಿಜಾ ತಟ್ಟೆ ಹಿಡಿದು ಬಂದಳು. ಈಗ ಮೌಶಿಯ ಮನೆಯಲ್ಲಿ ಇರುವವಳು ಅವಳೇ. ಹೊಸ್ತಿಲಲ್ಲೇ ನಿಂತಳು.

"ಎಣ್ಣಿ ಇಟ್ಟೀರೇನ್ರಿ ಅಕ್ಕಾರ? ವರ್ಷ ಆಗಿಲ್ಲಲ್ರಿ. ಹೇಳಿದ್ರ ನಾವ ಮಾಡಿ ತರತಿದ್ವಿ."

"ಗೊತ್ತೈತಿ. ಅದಕ್ಕ ಹೇಳಲಿಲ್ಲ."

ಅವಳು ತಟ್ಟೆ ಕೆಳಗಿಟ್ಟು ಒಳಗೆ ಬಂದು, ಹಿಟ್ಟಿಗೆ ಕೈ ಚಾಚಿದಳು. ಒಳ್ಳೆಯ ಹುಡುಗಿ. ಕಣ್ಣು ತುಂಬಿಕೊಂಡಿದ್ದಳು. "ಕೊಡ್ರಿ, ನಾ ಒತ್ತತೇನಿ. ನೀವು ಸುಮ್ಮ ಕುಂದರ್ರಿ."

ಪರಾತವನ್ನು ನನ್ನ ಕಡೆ ಎಳೆದುಕೊಂಡೆ. "ಬ್ಯಾಡ ಗಿರಿಜಾ" ಎಂದೆ. ಅವಳು ಮತ್ತೆ ಕೈ ಚಾಚಿದಳು. ಅವಳಿಗೆ ಕಲಿಸಿದ್ದೇ ಹಾಗೆ. "ಬ್ಯಾಡ ಅಂದ್ರ ಬ್ಯಾಡವಾ" ಎಂದೆ. ಆ ಮಾತಿಗೆ ಅವಳ ಮುಖ ಸಣ್ಣದಾಯಿತು. ತಂದ ತಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು. ಸಂಜೆಯೊಳಗೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಮೊದಲಿನ ನಾಲ್ಕೈದು ಸುರುಳಿಗಳು ಬಾಯಿ ತೆರೆದುಕೊಂಡವು. ಚಮಚೆಯ ಮೇಲೆ ಒತ್ತುವುದು ಹಣಿಗೆಯಷ್ಟು ಸುಲಭವಲ್ಲ, ಹೆಬ್ಬೆರಳು ಜಾರುತ್ತದೆ. ಇಷ್ಟನ್ನು ಒಬ್ಬಳು ತಿಂದು ಮುಗಿಸುವುದು ಆಗುವ ಮಾತಲ್ಲ ಎಂದು ಗೊತ್ತಿತ್ತು. ಆದರೂ ಹಿಟ್ಟು ತೀರುವ ತನಕ, ಎಲ್ಲವನ್ನೂ ಮನೆಗೇ ಒತ್ತಿದೆ.